ತಿರುಗುತ್ತಿಲ್ಲವೋ, ಹತ್ತುತ್ತಿಲ್ಲವೋ?

ಬೆಳಗಿನ ಜಾವ ಮೂರೂವರೆ. ರೇಷ್ಮೆಗೂಡಿನ ಚೀಲಗಳನ್ನು ಹೇರಿಯಾಗಿದೆ, ಹೊತ್ತು ಹುಟ್ಟುವ ಮುಂಚೆ ಹಿಂದೂಪುರದ ಮಾರುಕಟ್ಟೆ ಮುಟ್ಟಬೇಕು. ಹಳೇ ಪಿಕಪ್ಪಿನ ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’. ಮತ್ತೆ ತಿರುಗಿಸಿದರೆ ಮತ್ತೆ ‘ಟಕ್’. ನಮ್ಮ ಮಡಕಶಿರಾ ಸೀಮೆಯ ಎಷ್ಟು ಮನೆಗಳ ಅಂಗಳದಲ್ಲಿ ಈ ಶಬ್ದ ಕೇಳಿರಬಹುದೋ ನಾ ಕಾಣೆ. ನಮ್ಮ ಮನೆಯಲ್ಲಂತೂ ಒಂದೇ ತಿಂಗಳಲ್ಲಿ ಮೂರು ಸಲ ಕೇಳಿತು.

ರೇಷ್ಮೆ ಮಾಡದವರಿಗೆ ಈ ಅವಸರ ಅರ್ಥವಾಗದು. ಹಣ್ಣಾದ ಹುಳ ಚಂದ್ರಿಕೆಗೆ ಬಿಟ್ಟು ಐದಾರು ದಿನಕ್ಕೆ ಗೂಡು ಬಿಡಿಸುತ್ತೇವೆ. ಆಮೇಲೆ ಅದು ಮೂಲೆಯಲ್ಲಿ ಒಟ್ಟಿ ಕಾಯಿಸುವ ಕಡ್ಲೆಕಾಯಿ ಅಲ್ಲ. ಒಳಗೆ ಜೀವ ಇದೆ. ದಿನ ಹೋದ ಹಾಗೆ ತೂಕ ಇಳಿಯುತ್ತದೆ, ಇನ್ನೂ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಬಂದುಬಿಡುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದಕ್ಕೆ ನೂಲು ಎಳೆಯುವುದಕ್ಕೆ ಆಗುವುದಿಲ್ಲ. ಹೀಗಾಗಿ ಗಾಡಿ ನಿಂತಿತು ಅಂದರೆ ಬೆಳೆಯೇ ನಿಂತ ಹಾಗೆ.

ಮೊದಲನೇ ಸಲ ಮಗ, ‘ಬ್ಯಾಟರಿ ಹೋಗಿದೆ ಅಪ್ಪಾ’ ಅಂದ. ಬಾಡಿಗೆ ಗಾಡಿ ಮಾಡಿಕೊಂಡು ಗೂಡು ಸಾಗಿಸಿದೆವು, ಬರುವಾಗ ಹೊಸ ಬ್ಯಾಟರಿ ತಂದೆವು. ಎರಡು ದಿನ ಚೆನ್ನಾಗಿತ್ತು. ಎರಡನೇ ಸಲ ಪೇಟೆಯ ಗ್ಯಾರೇಜಿನವರು ಸೆಲ್ಫ್ ಬಿಚ್ಚಿ, ಕಾರ್ಬನ್ನು ಬದಲಾಯಿಸಿ ಬಿಲ್ಲು ಕೊಟ್ಟರು. ಒಂದು ವಾರ ಚೆನ್ನಾಗಿತ್ತು. ಮೂರನೇ ಸಲಕ್ಕೆ ಊರವರೆಲ್ಲ ಒಂದೇ ಮಾತು: ‘ಗುಜರಿಗೆ ಹಾಕಣ್ಣಾ ಅದನ್ನ.’

ಆ ಹೊತ್ತಿನಲ್ಲಿ ಹಿಂದೆ ಬಾವಿಗಳ ಮೇಲಿನ ಆಯಿಲ್ ಎಂಜಿನ್ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕ ಮಿಸ್ತ್ರಿಗೆ ಫೋನು ಹಚ್ಚಿದೆ. ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಅಂತ ತೆಲುಗಿನಲ್ಲಿ ಹೇಳಿದೆ. ಆತ ತಿರುಗಿ ಕೇಳಿದ್ದು ಒಂದೇ ಮಾತು: ‘ತಿರಗಲೇದಾ, ಅಂಟುಕೋಲೇದಾ?’

ತಿರುಗುತ್ತಿಲ್ಲವೋ, ಹತ್ತುತ್ತಿಲ್ಲವೋ! ಎರಡು ಭಾಷೆಯಲ್ಲಿ ಪದ ಜೋಡಿಸುತ್ತೇನೆ ಅಂತ ಬೀಗುವ ನನಗೆ ಆ ರಾತ್ರಿ ನಾಚಿಕೆಯಾಯಿತು. ಎಂಜಿನ್ ತಿರುಗುವುದು ಒಂದು ಕೆಲಸ, ಒಳಗೆ ಡೀಸೆಲ್ ಹತ್ತಿಕೊಳ್ಳುವುದು ಇನ್ನೊಂದು ಕೆಲಸ. ಕನ್ನಡದಲ್ಲೂ ತೆಲುಗಿನಲ್ಲೂ ಇವಕ್ಕೆ ಬೇರೆ ಬೇರೆ ಮಾತುಗಳಿವೆ. ನಾವು ಮಾತ್ರ ಗಡಿಯ ಆಚೆಗೂ ಈಚೆಗೂ ‘ಸ್ಟಾರ್ಟ್’ ಅನ್ನುವ ಒಂದೇ ಮಾತನ್ನು ಸಾಲ ತಂದು ಎರಡು ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ. ಗ್ಯಾರೇಜಿಗೆ ಹೋಗಿ ಇದೇ ಮಾತು ಹೇಳುತ್ತೇವೆ. ಅವರು ತಮಗೆ ತೋಚಿದ ಸಾಮಾನು ಬದಲಾಯಿಸುತ್ತಾರೆ. ತಪ್ಪು ಪೂರಾ ಅವರದೇ ಅಂತ ನಾನು ಹೇಳಲಾರೆ. ‘ಬೇಗ ಮಾಡಪ್ಪಾ’ ಅಂತ ತಲೆಯ ಮೇಲೆ ನಿಲ್ಲುವವರು ನಾವೇ ತಾನೇ?

‘ತಿರುಗ್ತಿಲ್ಲ, ಟಕ್ ಅನ್ನುತ್ತೆ’ ಅಂದೆ. ಹೆಡ್‌ಲೈಟು ಹಾಕಿ ಕೀ ತಿರುಗಿಸು ಅಂದ. ಲೈಟು ಸತ್ತೇ ಹೋದರೆ ಬ್ಯಾಟರಿ ಖಾಲಿ, ಇಲ್ಲವೇ ಅದರ ಟರ್ಮಿನಲ್ಲು ಸಡಿಲ. ಆ ಬಿಳಿ-ಹಸಿರು ಪುಡಿ ಕೂತಿದ್ದರೂ ಅದೇ ಕಥೆ. ಬಿಸಿನೀರು, ಅಡುಗೆ ಸೋಡ ಹಾಕಿ ತೊಳೆದರೆ ಎಷ್ಟೋ ‘ಸತ್ತ’ ಬ್ಯಾಟರಿಗಳು ಎದ್ದು ಕೂರುತ್ತವೆ. ಲೈಟು ಹಾಗೇ ಉರಿಯುತ್ತಾ ಬರೀ ಟಕ್ ಅಂದರೆ ಬ್ಯಾಟರಿಯ ಮೇಲೆ ಗೂಬೆ ಕೂರಿಸಬಾರದು. ಸೆಲ್ಫ್, ಅದರ ಮೇಲಿನ ಸೊಲೆನಾಯ್ಡ್, ದಪ್ಪ ಕೇಬಲ್ಲುಗಳು ಇವನ್ನು ನೋಡಬೇಕು. ಟಕ್ಕೂ ಇಲ್ಲದಿದ್ದರೆ ಕೀ ಸ್ವಿಚ್ಚಿನಿಂದ ಸೊಲೆನಾಯ್ಡಿಗೆ ಬರುವ ಸಣ್ಣ ವೈರಿನಿಂದ ಹುಡುಕಬೇಕು.

ನಮ್ಮದು ಲೈಟು ಧಗಧಗ ಉರಿಯುತ್ತಲೇ ಇತ್ತು. ‘ಹಾಗಾದರೆ ಅರ್ತು’ ಅಂದ ಮುದುಕ. ಸೆಲ್ಫಿಗೆ ಕರೆಂಟು ಹೋಗುವ ದಾರಿಯನ್ನಷ್ಟೇ ನಾವು ನೋಡುತ್ತೇವೆ, ವಾಪಸು ಬರುವ ದಾರಿ ಮರೆಯುತ್ತೇವೆ. ಎಂಜಿನ್ನಿನಿಂದ ಚಾಸಿಗೆ ಒಂದು ಹೆಣೆದ ಪಟ್ಟಿ ಇರುತ್ತದೆ, ಅದು ತುಕ್ಕು ಹಿಡಿದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೇ. ಟ್ರ್ಯಾಕ್ಟರಿಗೆ ಇಟ್ಟಿದ್ದ ಜಂಪರ್ ಕೇಬಲ್ ತಂದು ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ನೇರ ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದೆವು. ಕೀ ತಿರುಗಿಸಿದ ಕೂಡಲೇ ಎಂಜಿನ್ ಗರಗರ ತಿರುಗಿ ಹತ್ತಿಕೊಂಡಿತು. ಗೂಡು ಹೊತ್ತಿಗೆ ಸರಿಯಾಗಿ ಹಿಂದೂಪುರ ಮುಟ್ಟಿತು.

ಆಮೇಲೆ ನೋಡಿದರೆ ಆಕ್ಸಿಲರೇಟರ್ ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ಕು ಕರಗಿತ್ತು. ಅರ್ತು ಸರಿಯಿಲ್ಲದ್ದಕ್ಕೆ ಕರೆಂಟು ಪಾಪ ಅದರ ಮೂಲಕ ವಾಪಸು ಬರಲು ನೋಡಿತ್ತು! ಆ ಗುರುತು ಮೊದಲ ದಿನದಿಂದಲೇ ಅಲ್ಲಿತ್ತೋ ಏನೋ, ನಾವು ಯಾರೂ ಬಗ್ಗಿ ನೋಡಿರಲಿಲ್ಲ. ಕಡೆಗೆ ಬೇಕಾಗಿದ್ದು ಒಂದು ಪಟ್ಟಿ, ಉಪ್ಪುಕಾಗದದಿಂದ ಉಜ್ಜಿದ ಎರಡು ಬೋಲ್ಟು. ಅಷ್ಟು ಹೊತ್ತಿಗೆ ಬ್ಯಾಟರಿ, ಸೆಲ್ಫು, ಬಾಡಿಗೆ ಅಂತ ಒಂದು ಬೆಳೆಯ ಹುಳಕ್ಕೆ ಮಾಡುವ ಖರ್ಚು ಕೈಬಿಟ್ಟು ಹೋಗಿತ್ತು.

ಇನ್ನು ತಿರುಗುತ್ತದೆ, ಹತ್ತುವುದಿಲ್ಲ ಅನ್ನುವ ಕಾಯಿಲೆ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಯಂತೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸಿದ ಬಿಸಿಗೇ ಎಣ್ಣೆ ಹತ್ತಬೇಕು. ಇಲ್ಲಿ ಸೈಲೆನ್ಸರ್ ಹಿಂದೆ ಒಬ್ಬರನ್ನು ನಿಲ್ಲಿಸಿ. ಹೊಗೆಯೇ ಇಲ್ಲವೆಂದರೆ ಒಳಗೆ ಡೀಸೆಲ್ಲೇ ಹೋಗುತ್ತಿಲ್ಲ. ಟ್ಯಾಂಕು ಖಾಲಿಯಾಗಿ ಏರ್ ಹಿಡಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪಿನ ಮೇಲೆ ಡೀಸೆಲ್ ಬಿಡುವ ಸೊಲೆನಾಯ್ಡ್ ಇದ್ದರೆ ಅದರ ವೈರು ಕಳಚಿರಬಹುದು. ಏರ್ ಆದರೆ ಫಿಲ್ಟರಿನ ಬ್ಲೀಡಿಂಗ್ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ನೊರೆ ನಿಂತು ಬರೀ ಎಣ್ಣೆ ಬರುವ ತನಕ ಬಿಡಬೇಕು, ಬಿಗಿ ಮಾಡಬೇಕು. ಬೋರ್‌ವೆಲ್ ಮೋಟರಿಗೆ ರಾತ್ರಿಯೆಲ್ಲ ಕಾಯುವ ನಮಗೆ ಇದು ದೊಡ್ಡ ವಿದ್ಯೆಯೇ?

ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಬಿಸಿ ಸಾಲುತ್ತಿಲ್ಲ. ಹೀಟರ್ ಪ್ಲಗ್ ಇರುವ ಗಾಡಿಯಾದರೆ ಅದನ್ನು ನೋಡಿ. ಇಲ್ಲೊಂದು ಮೋಸ ಇದೆ. ಬ್ಯಾಟರಿ ಸೋತು ಎಂಜಿನ್ ನಿಧಾನ ತಿರುಗಿದರೂ ಗಾಳಿ ಸಾಕಷ್ಟು ಕಾಯುವುದಿಲ್ಲ, ಬಿಳಿ ಹೊಗೆಯೇ ಬರುತ್ತದೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9ಕ್ಕಿಂತ ಕೆಳಗೆ ಬಿದ್ದರೆ ಮೊದಲು ಅದನ್ನೇ ಚಾರ್ಜು ಮಾಡಿ. ಕಂಪ್ರೆಷನ್ ಹೋಗಿದ್ದರೆ, ನಾಝಲ್ಲು ಕೆಟ್ಟಿದ್ದರೆ ಅಂಗಳದಲ್ಲಿ ಆಗುವ ಕೆಲಸ ಅಲ್ಲ, ಪೇಟೆಗೇ ಎಳೆದುಕೊಂಡು ಹೋಗಬೇಕು. ಆದರೆ ಏನು ನೋಡಿದೆ ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ಹಿಡಿದವನಿಗೆ ಮೆಕ್ಯಾನಿಕ್ಕು ಬೇರೆ ಥರ ಮಾತಾಡುತ್ತಾನೆ, ಇದು ನನ್ನ ಅನುಭವ.

ಎರಡು ಕೆಲಸ ಮಾತ್ರ ಬೇಡವೇ ಬೇಡ. ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಬೋಲ್ಟು ಕೂಡಿಸಿ ತಿರುಗಿಸುವ ಚಟ ನಮ್ಮ ಹುಡುಗರಿಗಿದೆ. ಗೇರಿನಲ್ಲಿದ್ದರೆ ಗಾಡಿ ಮೈಮೇಲೇ ಬರುತ್ತದೆ. ಇನ್ನು ಬಟ್ಟೆಗೆ ಪೆಟ್ರೋಲ್ ನೆನೆಸಿ ಏರ್ ಫಿಲ್ಟರಿನ ಬಾಯಿಗೆ ಹಿಡಿಯುವುದು. ಕೆಂಪಗೆ ಕಾದ ಹೀಟರ್ ಪ್ಲಗ್ ಒಳಗಿದ್ದರೆ ಎಂಜಿನ್ನಿನ ಕಥೆ ಮುಗಿಯಿತು, ಕೈಯೂ ಸುಡುತ್ತದೆ. ಸೆಲ್ಫನ್ನೂ ಬಿಡದೆ ಹೊಡೆಯಬಾರದು. ಹತ್ತು ಸೆಕೆಂಡು ಹೊಡೆದರೆ ಒಂದು ನಿಮಿಷ ಬಿಡಬೇಕು.

‘ಹಳೇ ಗಾಡಿ, ಎಷ್ಟು ದಿನ ಬಾಳೀತು?’ ಅನ್ನುವವರಿಗೆ ನನ್ನದೊಂದು ಉತ್ತರ ಇದೆ. ಹೊಸದಕ್ಕೆ ಕಂತು ಕಟ್ಟಬೇಕು, ಕಾಯಿಲೆ ತಿಳಿಯಲು ಕಂಪ್ಯೂಟರು ಹಚ್ಚಬೇಕು. ಹಳೆಯದರ ಬಾನೆಟ್ಟು ಎತ್ತಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ನೋಡುವ ತಾಳ್ಮೆ ಇಲ್ಲದೆ ಮಾರಿದವರನ್ನು ನಾನು ಕಂಡಿದ್ದೇನೆ. ಪಕ್ಕದ ಊರಿನವನೊಬ್ಬ ಹೀಗೇ ಗುಜರಿ ರೇಟಿಗೆ ಕೊಟ್ಟ. ಕೊಂಡವನು ಅದೇ ಸಂಜೆ ಏರ್ ಬಿಡಿಸಿ ಅದನ್ನೇ ಓಡಿಸಿಕೊಂಡು ಹೋದ.

ಮೊನ್ನೆ ಪಾವಗಡದ ಕಡೆಯಿಂದ ನನ್ನ ಬಾಮೈದ ಫೋನು ಮಾಡಿದ್ದ. ‘ಭಾವ, ಗಾಡಿ ಸ್ಟಾರ್ಟ್ ಆಗ್ತಿಲ್ಲ, ಬ್ಯಾಟರಿ ತರೋಕೆ ಹೊರಟಿದ್ದೀನಿ’ ಅಂದ. ‘ತಿರುಗ್ತಿಲ್ವೋ, ಹತ್ತುತ್ತಿಲ್ವೋ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ತಡಿ ಭಾವ, ನೋಡಿ ಹೇಳ್ತೀನಿ’ ಅಂತ ಫೋನಿಟ್ಟ.