ಕಾಲೇಜಿನ ಕಡತ ಯಾರ ಜಿಮೇಲ್‌ನಲ್ಲಿದೆ?

ನನ್ನ ಗೆಳತಿಯೊಬ್ಬರು ಪದವಿ ಕಾಲೇಜೊಂದರಲ್ಲಿ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಕೋಶದ ಸಂಯೋಜಕಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಕೆಲಸದ ಪಾಡು ಅಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಐದು ವರ್ಷ ಮಾಡಿದ್ದಕ್ಕೆಲ್ಲ ದಾಖಲೆ ಬೇಕು, ದಾಖಲೆಗೆ ಲಿಂಕ್ ಬೇಕು, ಲಿಂಕ್ ಒತ್ತಿದರೆ ಅದು ತೆರೆದುಕೊಳ್ಳಬೇಕು. ಒಂದು ಸಂಜೆ ಅವರ ಪಕ್ಕ ಕುಳಿತು ನಾನೂ ಒಂದೊಂದೇ ಲಿಂಕ್ ಒತ್ತುತ್ತಾ ಹೋದೆ. ಎನ್‌ಎಸ್‌ಎಸ್ ಶಿಬಿರದ ಫೋಟೊಗಳು ತೆರೆದವು. ಪೋಷಕರ ಸಭೆಯ ನಡಾವಳಿ ತೆರೆಯಲಿಲ್ಲ. ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹವೂ ತೆರೆಯಲಿಲ್ಲ. ಪರದೆಯ ನಡುವೆ ಒಂದೇ ಮಾತು: ಇದನ್ನು ನೋಡಲು ಅನುಮತಿ ಬೇಕು, ಕೇಳಿಕೊಳ್ಳಿ.

ಯಾರನ್ನು ಕೇಳಿಕೊಳ್ಳುವುದು? ಆ ಫೋಲ್ಡರುಗಳನ್ನು ಮಾಡಿದವರು ಒಬ್ಬ ಅತಿಥಿ ಉಪನ್ಯಾಸಕರು. ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಎಂಬ ಒಂದೇ ತಪ್ಪಿಗೆ ಆ ಕೆಲಸವೆಲ್ಲ ಅವರ ತಲೆಗೆ ಬಂದಿತ್ತು. ಅವರು ತಮ್ಮ ಸ್ವಂತ ಜಿಮೇಲ್‌ನಲ್ಲೇ ಎಲ್ಲವನ್ನೂ ಇಟ್ಟರು. ಮರುವರ್ಷದ ಕೌನ್ಸೆಲಿಂಗ್‌ನಲ್ಲಿ ಅವರಿಗೆ ಬೇರೆ ಜಿಲ್ಲೆ ಸಿಕ್ಕಿತು, ಹೊರಟುಹೋದರು. ಕಾಲೇಜಿನ ಮೂರು ವರ್ಷದ ಕಡತವೂ ಅವರ ಜೇಬಿನಲ್ಲೇ ಹೋಯಿತು. ಅವರಿಗೂ ಅದರ ಅರಿವಿರಲಿಲ್ಲ, ಕಾಲೇಜಿಗೂ ಇರಲಿಲ್ಲ.

ವಿಶ್ವವಿದ್ಯಾಲಯಗಳು ತಮ್ಮ ಕೆಲಸಕ್ಕೆ ಬೇರೆ ಕಂಪನಿಗಳ ಕಂಪ್ಯೂಟರುಗಳನ್ನು ಆಶ್ರಯಿಸಿವೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕರಾರು, ದೊಡ್ಡ ಕಂಪನಿ, ದೊಡ್ಡ ಹಗರಣ. ಅವೂ ಇವೆ. ಆದರೆ ನಮ್ಮ ಕಡೆ ಹೆಚ್ಚಿನ ಪಾಲು ಈ ಅತಿಥಿ ಉಪನ್ಯಾಸಕರ ಕಥೆಯಂಥದ್ದೇ. ಇಲ್ಲಿ ಕರಾರು ಕೂಡ ಇಲ್ಲ. ಯಾರದೋ ಮೊಬೈಲ್ ನಂಬರು, ಯಾರದೋ ಪಾಸ್‌ವರ್ಡು, ಅದರ ಮೇಲೆ ಒಂದು ಸಂಸ್ಥೆಯ ನೆನಪು ನಿಂತಿರುತ್ತದೆ. ಇದರ ಅಪಾಯ 2023ರಿಂದ ಇನ್ನಷ್ಟು ಹೆಚ್ಚಿದೆ. ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅದರೊಳಗಿನ ಮೇಲ್, ಫೋಟೊ, ಕಡತಗಳ ಸಮೇತ ಅಳಿಸಬಹುದು ಎಂಬ ನಿಯಮವನ್ನು ಗೂಗಲ್ ಆ ವರ್ಷ ತಂದಿತು. ಡಿಸೆಂಬರ್‌ನಿಂದ ಅಳಿಸುವ ಕೆಲಸವೂ ಶುರುವಾಯಿತು. ಶಾಲೆ, ಕಾಲೇಜು, ಕಚೇರಿಗಳು ಸಂಸ್ಥೆಯಾಗಿ ಪಡೆದ ಖಾತೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ‘ನ್ಯಾಕ್ ಕೆಲಸಕ್ಕೆಂದೇ’ ಯಾರೋ ಹೊಸದಾಗಿ ತೆರೆದು, ಕೆಲಸ ಮುಗಿದ ಮೇಲೆ ಮರೆತ ಜಿಮೇಲ್‌ಗೆ ಅನ್ವಯಿಸುತ್ತದೆ.

ಹಾಗಂತ ಹಿಂದಿನ ಕಾಲ ಚಿನ್ನದಂತಿತ್ತು ಎಂದು ಹೇಳಲಾರೆ. ವಿಶ್ವವಿದ್ಯಾಲಯದ ಕಂಪ್ಯೂಟರ್ ಸೆಂಟರ್‌ನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಎಸಿ ಕೋಣೆ, ಅದರಲ್ಲೊಂದು ಸರ್ವರು, ಅದನ್ನು ಬಲ್ಲ ಒಬ್ಬನೇ ಮನುಷ್ಯ. ಆತ ರಜೆ ಹಾಕಿದರೆ ಮೇಲ್ ಕೂಡ ರಜೆ. ಯುಪಿಎಸ್ ಕೈಕೊಟ್ಟ ದಿನ ಫಲಿತಾಂಶದ ಪುಟವೂ ಇಲ್ಲ. ಪೆಟ್ಟಿಗೆ ತುಂಬಿದೆ, ಹಳೆಯ ಮೇಲ್ ಅಳಿಸಿ ಎಂಬ ಸೂಚನೆ ತಿಂಗಳಿಗೊಮ್ಮೆ. ಇಂಥ ಹೊತ್ತಿನಲ್ಲಿ, 2006ರಲ್ಲಿ, ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ತನ್ನ ಮೇಲ್ ಮತ್ತು ಕ್ಯಾಲೆಂಡರನ್ನು ಪುಕ್ಕಟೆ ಕೊಡತೊಡಗಿತು. ಅಮೆರಿಕದ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯ ಮೊದಲು ಒಪ್ಪಿಕೊಂಡ ದೊಡ್ಡ ಸಂಸ್ಥೆಗಳಲ್ಲಿ ಒಂದು. ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡಿಯಿತು.

ಇದು ನಡೆಯುವ ಬಗೆ ತೀರಾ ಸರಳ. ಪ್ರತಿ ಡೊಮೇನ್ ಹೆಸರಿಗೂ ಒಂದು ದಾಖಲೆ ಪಟ್ಟಿ ಇರುತ್ತದೆ. ಅದರಲ್ಲಿ ಎಂಎಕ್ಸ್ ರೆಕಾರ್ಡ್ ಎಂಬ ಸಾಲು, ಈ ವಿಳಾಸಕ್ಕೆ ಬಂದ ಮೇಲ್ ಯಾವ ಕಂಪ್ಯೂಟರಿಗೆ ಹೋಗಬೇಕು ಎಂದು ಹೇಳುತ್ತದೆ. ನಮ್ಮ ಟಪಾಲನ್ನು ಇನ್ನು ಮುಂದೆ ಆ ಮನೆಗೆ ಕೊಡಿ ಎಂದು ಅಂಚೆ ಕಚೇರಿಯಲ್ಲಿ ಬರೆದುಕೊಟ್ಟ ಹಾಗೆ. ಆ ಒಂದು ಸಾಲು ಬದಲಾಯಿಸಿದರೆ ಕುಲಪತಿಯವರ ಮೇಲ್ ಕೂಡ ಅದೇ ವಿಳಾಸದಲ್ಲಿದ್ದೂ ಗೂಗಲ್‌ನ ಕಟ್ಟಡಕ್ಕೆ ಹೋಗಿ ಬೀಳುತ್ತದೆ. ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ, ಮೇಲ್ ಬೇಗ ತೆರೆಯುತ್ತದೆ ಎನ್ನುವುದೊಂದನ್ನು ಬಿಟ್ಟರೆ.

ಪುಕ್ಕಟೆ ಎಂಬ ಮಾತಿಗೆ ಮೊದಲ ಪ್ರಶ್ನೆ ಎದ್ದದ್ದು ಜಾಹೀರಾತಿನ ವಿಷಯದಲ್ಲಿ. ಶಿಕ್ಷಣ ಸಂಸ್ಥೆಗಳ ಖಾತೆಗಳಲ್ಲಿ ಜಾಹೀರಾತಿನ ಉದ್ದೇಶಕ್ಕೆ ಮೇಲ್‌ಗಳನ್ನು ಸ್ಕ್ಯಾನ್ ಮಾಡುವುದನ್ನು ನಿಲ್ಲಿಸಿದ್ದೇವೆ ಎಂದು ಗೂಗಲ್ 2014ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ನಿಲ್ಲಿಸಿದ್ದೇವೆ ಎಂದಾಗಲೇ ಅಲ್ಲಿಯವರೆಗೆ ಅದು ನಡೆಯುತ್ತಿತ್ತು ಎಂದು ಬಹುಮಂದಿಗೆ ತಿಳಿದದ್ದು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಇನ್ನೊಂದು ಘೋಷಣೆ ಬಂತು: ಎಷ್ಟು ಬೇಕಾದರೂ ಇಟ್ಟುಕೊಳ್ಳಿ, ಮಿತಿಯಿಲ್ಲ.

ಮಿತಿಯಿಲ್ಲ ಎಂದ ಮೇಲೆ ಯಾರು ಅಳಿಸುತ್ತಾರೆ? 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಪಾಠಗಳೆಲ್ಲ ವಿಡಿಯೊ ಆದವು, ವಿಡಿಯೊಗಳೆಲ್ಲ ಗೂಗಲ್ ಡ್ರೈವ್ ಸೇರಿದವು. ಹೆಚ್ಚುಕಡಿಮೆ ಒಂದು ವರ್ಷ ತುಂಬುವ ಹೊತ್ತಿಗೆ, 2021ರ ಫೆಬ್ರವರಿಯಲ್ಲಿ, ಗೂಗಲ್ ಲೆಕ್ಕ ಬದಲಾಯಿಸಿತು. ಇಡೀ ಸಂಸ್ಥೆಗೆ ಒಟ್ಟು 100 ಟಿಬಿ, ಹಳಬರಿಗೆ 2022ರ ಜುಲೈವರೆಗೆ ಗಡುವು. ನೂರು ಟಿಬಿ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. 20,000 ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯದಲ್ಲಿ ಭಾಗ ಹಾಕಿ ನೋಡಿ: ತಲೆಗೆ 5 ಜಿಬಿ. ಬೀದಿಯಲ್ಲಿ ಹೋಗುವ ಯಾರೇ ಜಿಮೇಲ್ ತೆರೆದರೂ 15 ಜಿಬಿ ಸಿಗುತ್ತದೆ! ಒಂದು ಗಂಟೆಯ ಪಾಠದ ರೆಕಾರ್ಡಿಂಗ್ ಅರ್ಧ ಜಿಬಿ ಎಂದಿಟ್ಟುಕೊಂಡರೆ ಹತ್ತು ಪಾಠಕ್ಕೆ ಒಬ್ಬನ ಪಾಲು ಮುಗಿಯಿತು. 2024ರಲ್ಲಿ ಮೈಕ್ರೋಸಾಫ್ಟ್ ಕೂಡ ಸಂಸ್ಥೆಗೆ 100 ಟಿಬಿ ಎಂಬ ಅದೇ ಗೆರೆ ಎಳೆಯಿತು. ಹಣ ಕೊಡುವವರಿಗೆ ಅದರ ಮೇಲೆ ಒಂದಿಷ್ಟು ಹೆಚ್ಚು.

ಕಂಪನಿಗಳನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಡಿಸ್ಕಿಗೆ ದುಡ್ಡು ಬೇಕು, ಕರೆಂಟಿಗೆ ದುಡ್ಡು ಬೇಕು, ಸುಮಾರು ಹದಿನೇಳು ತಿಂಗಳು ಮೊದಲೇ ಹೇಳಿದರಲ್ಲ ಎಂಬುದೂ ನಿಜ. ನನ್ನ ತಕರಾರು ಬೇರೆ. ‘ಮಿತಿಯಿಲ್ಲ’ ಎಂದದ್ದು ಕರಾರಿನ ಮಾತಲ್ಲ, ಆ ದಿನದ ದರಪಟ್ಟಿ. ಅದನ್ನು ನಂಬಿ ವಿಶ್ವವಿದ್ಯಾಲಯಗಳು ತಮ್ಮ ಡಿಸ್ಕುಗಳನ್ನು ಗುಜರಿಗೆ ಹಾಕಿದವು, ನೋಡಿಕೊಳ್ಳುತ್ತಿದ್ದವರನ್ನು ಬೇರೆ ವಿಭಾಗಕ್ಕೆ ಕಳಿಸಿದವು. ದರ ಬದಲಾದಾಗ ಹಿಂದಿರುಗಲು ಮನೆಯೇ ಇರಲಿಲ್ಲ.

ಚಿಕ್ಕ ಸೇವೆಗಳದ್ದೂ ಇದೇ ಪಾಡು, ಅವು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಉದ್ದನೆಯ ಲಿಂಕನ್ನು ಚಿಕ್ಕದು ಮಾಡುವ ಗೂಗಲ್‌ನ ಸೇವೆಯೊಂದಿತ್ತು. ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ, ಸೆಮಿನಾರ್ ಪೋಸ್ಟರಿನ ಕ್ಯೂಆರ್ ಕೋಡ್‌ನಲ್ಲಿ ಆ ಚಿಕ್ಕ ಲಿಂಕುಗಳು ಅಚ್ಚಾಗಿ ಕುಳಿತಿವೆ. 2019ರಲ್ಲಿ ಹೊಸ ಲಿಂಕ್ ಮಾಡುವುದು ನಿಂತಿತು. ಹಳೆಯವೂ 2025ರ ಆಗಸ್ಟ್ 25ರಿಂದ ಕೆಲಸ ಮಾಡುವುದಿಲ್ಲ ಎಂದು 2024ರಲ್ಲಿ ಹೇಳಿದರು. ಗಡುವು ಹತ್ತಿರ ಬಂದಾಗ, ಇಲ್ಲ, ಬಳಕೆಯಲ್ಲಿರುವವನ್ನು ಉಳಿಸುತ್ತೇವೆ, ಯಾರೂ ಒತ್ತದಿರುವವನ್ನು ಮಾತ್ರ ನಿಲ್ಲಿಸುತ್ತೇವೆ ಎಂದರು. ಯಾರೂ ಒತ್ತದ ಲಿಂಕ್ ಎಂದರೆ ಗ್ರಂಥಾಲಯದ ಬೀರುವಿನಲ್ಲಿರುವ ಪಿಎಚ್‌ಡಿ ಪ್ರಬಂಧದ ಲಿಂಕ್ ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು.

ಜಾಗ ಮತ್ತು ಲಿಂಕ್ ಹೋದರೆ ನಷ್ಟ ಸಂಸ್ಥೆಗೆ. ವಿವರಗಳು ಸೋರಿದರೆ ನಷ್ಟ ವಿದ್ಯಾರ್ಥಿಗೆ. ಬ್ಲ್ಯಾಕ್‌ಬಾಡ್ ಎಂಬ ಅಮೆರಿಕದ ಕಂಪನಿ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಪಟ್ಟಿಯನ್ನು ಇಟ್ಟುಕೊಡುವ ಸಾಫ್ಟ್‌ವೇರ್ ಮಾರುತ್ತದೆ. 2020ರಲ್ಲಿ ಅದರೊಳಗೆ ನುಗ್ಗಿದವರು ಪ್ರತಿಗಳನ್ನು ತೆಗೆದುಕೊಂಡು ಒತ್ತೆಹಣ ಕೇಳಿದರು, ಕಂಪನಿ ಕೊಟ್ಟಿತು. ಅಮೆರಿಕ, ಬ್ರಿಟನ್, ಕೆನಡಾಗಳ ಎಷ್ಟೋ ವಿಶ್ವವಿದ್ಯಾಲಯಗಳಿಗೆ ಆ ಜುಲೈನಲ್ಲಿ ಸುದ್ದಿ ತಲುಪಿತು. ಅವುಗಳ ಸ್ವಂತ ಸರ್ವರಿಗೆ ಯಾರೂ ಕೈ ಹಾಕಿರಲಿಲ್ಲ. ಆದರೂ ಹಳೆಯ ವಿದ್ಯಾರ್ಥಿಗಳಿಗೆ ಕ್ಷಮಾಪಣೆಯ ಪತ್ರ ಬರೆಯಬೇಕಾದದ್ದು ಅವೇ. ಕಂಪನಿಯ ಹೆಸರನ್ನು ಆ ವಿದ್ಯಾರ್ಥಿಗಳು ಕೇಳಿಯೂ ಇರಲಿಲ್ಲ, ಅವರು ನಂಬಿ ವಿಳಾಸ ಕೊಟ್ಟದ್ದು ತಾವು ಓದಿದ ಕಾಲೇಜಿಗೆ. 2023ರಲ್ಲಿ ಅಮೆರಿಕದ ರಾಜ್ಯಗಳ ಅಟಾರ್ನಿ ಜನರಲ್‌ಗಳೊಂದಿಗೆ ರಾಜಿಯಾಗಿ ಕಂಪನಿ 4.95 ಕೋಟಿ ಡಾಲರ್ ತೆರಲು ಒಪ್ಪಿತು.

ಇದನ್ನು ಅರ್ಥ ಮಾಡಿಕೊಳ್ಳಲು ಹಾಸ್ಟೆಲ್ ಮೆಸ್ ನೆನಪಿಸಿಕೊಂಡರೆ ಸಾಕು. ಅಡುಗೆ ಗುತ್ತಿಗೆದಾರನದು. ಸಾಂಬಾರು ಹಳಸಿ ನಲವತ್ತು ಮಕ್ಕಳು ಆಸ್ಪತ್ರೆ ಸೇರಿದರೆ ಜನ ಬಂದು ನಿಲ್ಲುವುದು ವಾರ್ಡನ್ ಮುಂದೆ, ಗುತ್ತಿಗೆದಾರನ ಮುಂದಲ್ಲ. 2023ರ ಆಗಸ್ಟ್‌ನಲ್ಲಿ ಬಂದ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುವುದು ಇದನ್ನೇ. ವಿವರಗಳನ್ನು ಏಕೆ, ಹೇಗೆ ಪಡೆಯಬೇಕೆಂದು ತೀರ್ಮಾನಿಸುವವರು ಡೇಟಾ ಫಿಡ್ಯೂಷಿಯರಿ, ಅಂದರೆ ವಾರ್ಡನ್. ಅವರ ಪರವಾಗಿ ಅದನ್ನು ಇಟ್ಟುಕೊಂಡು ಕೆಲಸ ಮಾಡುವವರು ಡೇಟಾ ಪ್ರೊಸೆಸರ್, ಅಂದರೆ ಗುತ್ತಿಗೆದಾರ. ತಪ್ಪು ಗುತ್ತಿಗೆದಾರನ ಕಡೆ ಆದರೂ ಉತ್ತರ ಕೊಡುವ ಹೊಣೆ ಮೊದಲನೆಯವರದು. ಸುರಕ್ಷತೆಯ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಯಾದವು, ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ.

ಪ್ರವೇಶದ ಗೂಗಲ್ ಫಾರ್ಮಿನಲ್ಲಿ ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೊ, ಜಾತಿ ಪ್ರಮಾಣಪತ್ರ, ಅಪ್ಪನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವನ್ನೂ ಕೇಳಿ, ಬಂದ ಉತ್ತರಗಳ ಶೀಟನ್ನು ‘ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು’ ಎಂದಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಕಾಲೇಜುಗಳು ಈ ಕಾಲಾವಕಾಶದಲ್ಲಿ ಮಾಡಬೇಕಾದ ಮೊದಲ ಕೆಲಸ ಆ ಶೀಟಿಗೆ ಬೀಗ ಹಾಕುವುದು. ಎರಡನೆಯದು, ಪಾಸ್‌ಬುಕ್ ನಮಗೇಕೆ ಬೇಕಿತ್ತು ಎಂದು ತಮ್ಮನ್ನೇ ಕೇಳಿಕೊಳ್ಳುವುದು. ಪಡೆಯದೇ ಇದ್ದ ವಿವರ ಸೋರುವುದಿಲ್ಲ.

ಗುತ್ತಿಗೆದಾರನಿಗೂ ಒಳಗುತ್ತಿಗೆದಾರನಿರುತ್ತಾನೆ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಸೇವೆ ಅಮೆರಿಕದ ವರ್ಜೀನಿಯಾ ವಲಯದಲ್ಲಿ ಕೆಟ್ಟು ನಿಂತಾಗ, ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಪಾಠಕ್ಕೆ ಬಳಸುವ ಕ್ಯಾನ್‌ವಾಸ್ ಕೂಡ ಗಂಟೆಗಟ್ಟಲೆ ನಿಂತಿತು. ಅವು ಒಪ್ಪಂದ ಮಾಡಿಕೊಂಡದ್ದು ಕ್ಯಾನ್‌ವಾಸ್ ಜೊತೆ, ಕಟ್ಟಿ ಹಾಕಿದ್ದು ಅಮೆಜಾನ್‌ನ ಗೂಟಕ್ಕೆ. ಅಸೈನ್‌ಮೆಂಟಿನ ಕೊನೆಯ ದಿನ ಅದಾಗಿದ್ದವರು ಏನು ಮಾಡಬೇಕು ಎಂಬುದನ್ನು ಅಧ್ಯಾಪಕರು ಅವತ್ತೇ ತೀರ್ಮಾನಿಸಬೇಕಾಗುತ್ತದೆ.

ಹಾಗಾದರೆ ಎಲ್ಲವನ್ನೂ ಮತ್ತೆ ಸ್ವಂತಕ್ಕೆ ತರಬೇಕೆ? ಮೂಡಲ್‌ನಂಥ ಮುಕ್ತ ತಂತ್ರಾಂಶ 2002ರಿಂದ ಇದೆ, ದುಡ್ಡಿಲ್ಲದೆ ಸಿಗುತ್ತದೆ. ಆದರೆ ಅದನ್ನು ವಾರವಾರ ತಿದ್ದಿ ತೀಡುವ ಕೈ ಬೇಕು. ಮೂರು ವರ್ಷ ಅಪ್‌ಡೇಟ್ ಕಾಣದ ಸ್ವಂತ ಸರ್ವರಿಗಿಂತ ಗೂಗಲ್ ಸಾವಿರ ಪಾಲು ವಾಸಿ ಎಂದೇ ನನ್ನ ಲೆಕ್ಕ. ಸರಕಾರದ್ದೇ ವ್ಯವಸ್ಥೆಗಳೂ ಬಂದಿವೆ: ಆಡಳಿತಕ್ಕೆ ದೆಹಲಿ ವಿಶ್ವವಿದ್ಯಾಲಯ ರೂಪಿಸಿದ ಸಮರ್ಥ್, ನಮ್ಮ ರಾಜ್ಯದಲ್ಲಿ ಪ್ರವೇಶ, ಪರೀಕ್ಷೆಗಳಿಗೆ ಯುಯುಸಿಎಂಎಸ್, ಅಂಕಪಟ್ಟಿಗೆ ಡಿಜಿಲಾಕರ್. ಒಂದು ಪದವಿ ಕಾಲೇಜಿನ ಮೇಜಿನಿಂದ ನೋಡಿದರೆ ಇವೂ ಬೇರೆಯವರ ಕಂಪ್ಯೂಟರುಗಳೇ. ವೆಬ್‌ಸೈಟ್ ನಿಧಾನವಾದರೆ ಕಾಯಬೇಕು, ಅಷ್ಟೆ.

ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಕೇಂದ್ರ ಸರಕಾರದ ಮೇಲ್‌ನ ಉದಾಹರಣೆ. ಸುಮಾರು 12 ಲಕ್ಷ ನೌಕರರ ಇಮೇಲ್ ಖಾತೆಗಳು ಸರಕಾರದ್ದೇ ಆದ ಎನ್‌ಐಸಿಯ ವ್ಯವಸ್ಥೆಯಿಂದ ಚೆನ್ನೈನ ಝೋಹೊ ಕಂಪನಿಯ ವೇದಿಕೆಗೆ ಹೋದವು. ಆದರೆ ಅಧಿಕಾರಿಗಳ ವಿಳಾಸ ಬದಲಾಗಲಿಲ್ಲ. ಯಾಕೆಂದರೆ ಡೊಮೇನ್ ಹೆಸರು ಸರಕಾರದ್ದೇ. ನಾಳೆ ಝೋಹೊ ಬೇಡವಾದರೆ ಅದೇ ಎಂಎಕ್ಸ್ ಸಾಲನ್ನು ಮತ್ತೊಮ್ಮೆ ತಿದ್ದಬಹುದು. ಹೊರಗಿನವರ ಸೇವೆ ಪಡೆಯುವಾಗ ಕೈಬಿಡಬಾರದ್ದು ಇದು. ಕಾಲೇಜುಗಳಿಗೆ ಎಸಿ ಡಾಟ್ ಇನ್ ಹೆಸರು ಕೊಡುವುದು ಸರಕಾರದ ಇಆರ್‌ನೆಟ್. ಅದಕ್ಕೆ ಆಗುವ ಖರ್ಚು ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಯಷ್ಟೂ ಇಲ್ಲ. ಆ ಹೆಸರಿನಡಿ ಪ್ರಾಂಶುಪಾಲರಿಗೆ ಒಂದು, ಐಕ್ಯೂಎಸಿಗೆ ಒಂದು, ಪರೀಕ್ಷಾ ವಿಭಾಗಕ್ಕೆ ಒಂದು ವಿಳಾಸ. ಹುದ್ದೆಗೆ ವಿಳಾಸ, ಮನುಷ್ಯನಿಗಲ್ಲ. ವರ್ಗಾವಣೆಯಾದಾಗ ಬೀರುವಿನ ಕೀಲಿಯಂತೆ ಪಾಸ್‌ವರ್ಡ್ ಕೂಡ ಚಾರ್ಜ್ ಪಟ್ಟಿಯಲ್ಲಿ ಬರೆದು ಕೈಬದಲಾಗಲಿ. ಸೆಮಿಸ್ಟರ್ ಮುಗಿದಾಗಲೊಮ್ಮೆ ಎಲ್ಲವನ್ನೂ ಡೌನ್‌ಲೋಡ್ ಮಾಡಿ ಒಂದು ಹಾರ್ಡ್‌ಡಿಸ್ಕಿಗೆ ಹಾಕಿ ಕಚೇರಿ ಅಧೀಕ್ಷಕರ ಬೀರುವಿನಲ್ಲಿಡಲಿ. ಇದಕ್ಕೆ ಸಾಫ್ಟ್‌ವೇರ್ ಎಂಜಿನಿಯರ್ ಬೇಕಾಗಿಲ್ಲ.

ಗೆಳತಿಯ ಕಥೆ ಹೇಗೆ ಮುಗಿಯಿತು ಎಂದು ಹೇಳಬೇಕಲ್ಲ. ಆ ಅತಿಥಿ ಉಪನ್ಯಾಸಕರ ಹಳೆಯ ನಂಬರು ಹೋಗುತ್ತಿರಲಿಲ್ಲ. ಯಾರದೋ ಮದುವೆ ಫೋಟೊದ ಜಾಡು ಹಿಡಿದು, ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ ಹೊಸ ನಂಬರು ಸಿಕ್ಕಿತು. “ಅಯ್ಯೋ ಮೇಡಂ, ಅದು ಇನ್ನೂ ನನ್ನ ಹತ್ರಾನೇ ಇದ್ಯಾ?” ಎಂದರಂತೆ. ಬಸ್ಸಿನಲ್ಲಿ ಕುಳಿತೇ, ಸಿಗ್ನಲ್ ಸಿಕ್ಕಾಗೆಲ್ಲ, ಒಂದೊಂದೇ ಫೋಲ್ಡರಿಗೆ ಅನುಮತಿ ಕೊಟ್ಟರು, ಆಮೇಲೆ ಒಡೆತನವನ್ನೂ ವರ್ಗಾಯಿಸಿದರು. ಸಂಭಾವನೆ ನಿಂತು ಎರಡು ವರ್ಷವಾಗಿದ್ದ ಕಾಲೇಜಿಗೆ ಅವರು ಒಂದು ಭಾನುವಾರ ಪೂರ್ತಿ ದುಡಿದರು.

ಫೋಲ್ಡರುಗಳೆಲ್ಲ ಈಗ ನನ್ನ ಗೆಳತಿಯ ಸ್ವಂತ ಜಿಮೇಲ್‌ನಲ್ಲಿವೆ. ಅವರ ನಿವೃತ್ತಿಗೆ ಇನ್ನು ಮೂರು ವರ್ಷ.