ಬಿಸಿಯ ಬಣ್ಣ ಯಾವುದು?

ಮಕ್ಕಳೇ, ಬೇಸಿಗೆಯ ಸಂಜೆ ಸದಾಶಿವಗಡದ ಗುಡ್ಡ ಹತ್ತಿದ್ದೀರಾ? ಸೂರ್ಯ ಕಡಲಿಗಿಳಿದ ಮೇಲೂ ಅಲ್ಲಿನ ಬಂಡೆ ಬೆಚ್ಚಗೇ ಇರುತ್ತದೆ. ಮುಟ್ಟಬೇಕೆಂದೇನಿಲ್ಲ, ಪಕ್ಕದಲ್ಲಿ ಅಂಗೈ ಹಿಡಿದರೂ ಸಾಕು. ಕೈಗೆ ತಿಳಿದು ಕಣ್ಣಿಗೆ ಕಾಣದ ಈ ಬೆಳಕೇ ಅವಕೆಂಪು, ಅಂದರೆ ಇನ್‌ಫ್ರಾರೆಡ್. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕ ಮತ್ತು ಥರ್ಮಾಮೀಟರ್ ಹಿಡಿದು ಇದನ್ನು ಪತ್ತೆ ಮಾಡಿದ.

ಇದನ್ನು ಕಲಿಸಲು ಬಿಸಿನೀರಿನ ಬುಗ್ಗೆಯ ಚಿತ್ರಗಳು ಬಹಳ ಚೆನ್ನ. ನಮ್ಮ ಕರಾವಳಿಯಲ್ಲೇ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ. ನೋಡಿದರೆ ಸಾದಾ ನೀರು, ಇಳಿದರೆ ಬಿಸಿ! ಅಮೆರಿಕದ ಯೆಲ್ಲೋಸ್ಟೋನ್‌ನ ‘ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್’ ಬುಗ್ಗೆಯಂತೂ ಕಣ್ಣಿಗೇ ಮೋಸ ಮಾಡುತ್ತದೆ. ಸಾಮಾನ್ಯ ಫೋಟೋದಲ್ಲಿ ನಡುವೆ ತಣ್ಣನೆಯ ನೀಲಿ, ಅಂಚಿನಲ್ಲಿ ಕೆಂಡದಂಥ ಕಿತ್ತಳೆ. ಯಾವುದು ಹೆಚ್ಚು ಬಿಸಿ? ನೀಲಿಯೇ! ಅಲ್ಲಿ ನೀರು ಸುಮಾರು 70 ಡಿಗ್ರಿ ಸೆಲ್ಸಿಯಸ್. ಕಿತ್ತಳೆಯೋ, ನೀರು ಕೊಂಚ ಆರಿದ ಅಂಚಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಬಣ್ಣ. ಅವಕೆಂಪು ಕ್ಯಾಮರಾಕ್ಕೆ ಈ ಗೊಂದಲವಿಲ್ಲ. ಅದರಲ್ಲಿ ನಡುಭಾಗವೇ ಹೆಚ್ಚು ಹೊಳೆಯುತ್ತದೆ. ಆದರೆ ಆ ಚಿತ್ರಕ್ಕೆ ಕೆಂಪು, ಹಳದಿ ಬಳಿದವರು ನಾವೇ. ಪಕ್ಕದ ಅಳತೆಪಟ್ಟಿ ನೋಡದೆ ಬಿಸಿ ಎಷ್ಟೆಂದು ಹೇಳಬಾರದು.

ಪಾಲಕರು ಮನೆಯಲ್ಲೇ ಒಂದು ಪ್ರಯೋಗ ಮಾಡಿಸಬಹುದು. ಟಿ.ವಿ. ರಿಮೋಟಿನ ಗುಂಡಿ ಒತ್ತಿ, ಅದರ ತುದಿಯನ್ನು ಮೊಬೈಲ್ ಕ್ಯಾಮರಾದಲ್ಲಿ ನೋಡಿ. ಹಲವು ಫೋನುಗಳಲ್ಲಿ ನಸುನೇರಳೆ ಚುಕ್ಕಿ ಮಿನುಗುತ್ತದೆ. ಅದೂ ಅವಕೆಂಪೇ. ಅದೇ ಫೋನನ್ನು ಕುದಿಯುವ ಚಹಾ ಪಾತ್ರೆಯತ್ತ ಹಿಡಿದರೆ ಬಿಸಿ ಕಾಣುವುದಿಲ್ಲ. ಏಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪಾತ್ರೆ ಹೆಚ್ಚಾಗಿ ಸೂಸುವ ಅಲೆಗಳು ರಿಮೋಟಿನ ಅಲೆಗಳಿಗಿಂತ ಏಳೆಂಟು ಪಟ್ಟು ಉದ್ದ. ಅವನ್ನು ಹಿಡಿಯಲು ಬೇರೆಯೇ ಕ್ಯಾಮರಾ ಬೇಕು.