ಜೂಜಿನ ಸಾಲವನ್ನು ಮನೆಯೊಳಗೆ ಮುಚ್ಚಿಡಬೇಡಿ

ಐಪಿಎಲ್ ಶುರುವಾದರೆ ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆ ಬೇಕರಿ, ಜ್ಯೂಸ್ ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರ ಕೈಯಿಂದ ಫೋನು ಕೆಳಗಿಳಿಯುವುದಿಲ್ಲ. ಊರಲ್ಲಿ ಉಮ್ಮ, ತಂಗಿಯರನ್ನು ಬಿಟ್ಟು ಬಂದವರು. ಮ್ಯಾಚ್ ನೋಡಲಿ, ನಮ್ಮ ತಕರಾರಿಲ್ಲ. ಅದರ ಮೇಲೆ ದುಡ್ಡು ಕಟ್ಟುವುದು ಬೇರೆ ಮಾತು. ಕೇಳಿದರೆ "ಲಿಮಿಟಲ್ಲೇ ಆಡೋದು ಉಸ್ತಾದ್, ತಿಂಗಳಿಗೆ ಐನೂರು ಅಷ್ಟೇ" ಎನ್ನುತ್ತಾರೆ.

ಇಷ್ಟೇ ದುಡ್ಡು ಇಡಿ, ಸಿಟ್ಟಿನಲ್ಲಿ ಆಡಬೇಡಿ, ಸೋತರೆ ಎದ್ದುಬಿಡಿ ಎಂಬ ಉಪದೇಶ ಫೋನಿನಲ್ಲೇ ಸಿಗುತ್ತದೆ. ಆದರೆ ಸೋತವನಿಗೆ ಆ ಹೊತ್ತಿಗೆ ಐನೂರು ಹೋಯಿತು ಅನಿಸುವುದಿಲ್ಲ, ಅದನ್ನು ಈಗಲೇ ವಾಪಸು ತರಬೇಕು ಅನಿಸುತ್ತದೆ. ಒಂದು ರನ್ನಿನಲ್ಲಿ ತಪ್ಪಿದರೆ ಸೋತೆ ಎನ್ನುವುದಿಲ್ಲ, ಇನ್ನೇನು ಸಿಕ್ಕೇಬಿಡ್ತಿತ್ತು ಎನ್ನುತ್ತಾನೆ. ಲಿಮಿಟ್ ಹಾಕುವವನೂ ಮುರಿಯುವವನೂ ಒಬ್ಬನೇ ಆದರೆ ಆ ಲಿಮಿಟ್ಟಿಗೆ ಏನು ಬೆಲೆ? ಸೂರಃ ಅಲ್ ಮಾಇದದ 90 ಮತ್ತು 91ನೇ ಆಯತ್‌ಗಳಲ್ಲಿ ಜೂಜು ಮದ್ಯದ ಜೊತೆಗೇ ಬಂದಿದೆ. ಹಗೆತನ ಹುಟ್ಟಿಸುವುದು, ನಮಾಝ್‌ನಿಂದ ತಡೆಯುವುದು, ಎರಡಕ್ಕೂ ಒಂದೇ ದೂರು.

ಕಾನೂನೂ ಸುಮ್ಮನೆ ಕೂತಿಲ್ಲ. ಕರ್ನಾಟಕ 2007ರಲ್ಲೇ ಲಾಟರಿ ನಿಲ್ಲಿಸಿತು. 2021ರಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿದಾಗ, ಆ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು: ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ, ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಇದನ್ನು ಮನೆಯವರು ತಿಳಿದಿರಬೇಕು, ಯಾಕೆಂದರೆ ಪೊಲೀಸಿನ ಹೆದರಿಕೆಗೇ ಎಷ್ಟೋ ಹುಡುಗರು ಬಾಯಿ ಬಿಡುವುದಿಲ್ಲ. ಸಾಲದ ಆ್ಯಪ್‌ನವರು ಫೋಟೋ ತೋರಿಸಿ ಬೆದರಿಸಿದರೆ 1930ಕ್ಕೆ ಫೋನ್ ಮಾಡಿ, ಅವರು ಕೇಳಿದಷ್ಟು ಕೊಡಬೇಡಿ.

ನಮ್ಮ ಮನೆಗಳಲ್ಲಿ ಆಗುವುದೇನು? ವಿಷಯ ಗೊತ್ತಾದ ಕೂಡಲೇ ಉಮ್ಮನ ಬಳೆ ಅಡವಿಗೆ ಹೋಗುತ್ತದೆ. ತಂಗಿಯ ಮದುವೆ ಇದೆ, ಸುದ್ದಿ ಹೊರಗೆ ಹೋಗಬಾರದು. ದುಡ್ಡು ಹುಡುಗನ ಕೈಗೇ ಕೊಡುತ್ತಾರೆ! ಎರಡು ತಿಂಗಳಿಗೆ ಮತ್ತೆ ಸಾಲ. ಯಾರಿಗೆ ಎಷ್ಟು ಕೊಡಬೇಕು ಎಂದು ಯಾರೂ ಕೇಳಲೇ ಇಲ್ಲವಲ್ಲ. ಮೊದಲು ಅವನ ಕೈಯಲ್ಲೇ ಪೂರ್ತಿ ಲೆಕ್ಕ ಬರೆಸಿ. ಜೊತೆಗೆ ದುಡಿಯುವ ಹುಡುಗನಿಂದ ತಂದ ಸಾವಿರ, ಚೀಟಿ ದುಡ್ಡು, ಧಣಿಯ ಹತ್ತಿರ ಪಡೆದ ಅಡ್ವಾನ್ಸ್, ಎಲ್ಲವೂ ಬರಲಿ. ಕೊಡುವುದನ್ನು ಸಾಲ ಕೊಟ್ಟವರ ಕೈಗೇ ಕೊಡಿ. ಸ್ವಲ್ಪ ಕಾಲ ಸಂಬಳ ಉಮ್ಮನಿಗೋ ಅಣ್ಣನಿಗೋ ಬರಲಿ, ಅವನ ಫೋನಿನಲ್ಲಿ ಯುಪಿಐ ಬೇಡ. ಬೈಯುವುದನ್ನು ಒಂದು ದಿನಕ್ಕೆ ಮುಗಿಸಿ. ದಿನಾ ಚುಚ್ಚಿಸಿಕೊಂಡವನು ಮತ್ತೆ ಫೋನಿಗೇ ಹೋಗುತ್ತಾನೆ. ಗೆದ್ದ ದುಡ್ಡು ಉಳಿದಿದ್ದರೆ ತಂಗಿಯ ಮದುವೆಗೂ ಬೇಡ, ಸಾಲಕ್ಕೂ ಬೇಡ. ಅದು ಅವನದಲ್ಲ.

ಇನ್ನು ಜಮಾಅತ್‌ಗಳ ವಿಷಯ. "ಜೂಜಾಡಿದವನಿಗೆ ಝಕಾತಾ?" ಎಂದು ಕಮಿಟಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸೂರಃ ತೌಬಾದ 60ನೇ ಆಯತ್ತಿನಲ್ಲಿ ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಇದ್ದಾರೆ. ನಾವು ಅನುಸರಿಸುವ ಶಾಫಿಈ ಮದ್ಹಬಿನಲ್ಲಿ, ಪಾಪದ ಕೆಲಸಕ್ಕೆ ಸಾಲ ಮಾಡಿದವನೂ ನಿಜವಾಗಿ ತೌಬಾ ಮಾಡಿದರೆ ಅವನಿಗೆ ಕೊಡಬಹುದು ಎಂಬುದೇ ಬಲವಾದ ಅಭಿಪ್ರಾಯ. ಅವನ ಒಪ್ಪಿಗೆ ಪಡೆದು ನೇರ ಸಾಲ ಕೊಟ್ಟವನಿಗೇ ತಲುಪಿಸಲೂ ದಾರಿ ಇದೆ. ತೌಬಾ ನಿಜವೋ ಎಂದು ನೋಡಲು ಒಂದಷ್ಟು ತಿಂಗಳು ಕಾಯಲಿ, ತಪ್ಪಿಲ್ಲ. ಆದರೆ ರಮಝಾನಿನ ಪಟ್ಟಿ ಮಾಡುವಾಗ, ತೌಬಾ ಮಾಡಿ ಆರು ತಿಂಗಳಿಂದ ದುಡಿದು ಸಾಲ ತೀರಿಸುತ್ತಿರುವ ಹುಡುಗನ ಹೆಸರನ್ನು ಹಳೆಯದು ನೆನಪಿಸಿ ಹೊಡೆದುಹಾಕಬೇಡಿ. ಪಟ್ಟಿ ಮಸೀದಿಯ ಬಾಗಿಲಿಗೆ ಅಂಟಿಸುವುದೂ ಬೇಡ, ಖತೀಬರು ಮತ್ತು ಇಬ್ಬರು ಹಿರಿಯರ ಮಧ್ಯೆಯೇ ಇರಲಿ.